ತಿಮ್ಮಾಪುರದ ವಂಶಾವಳಿ, ಫರಿದಾಬಾದ್‌ನ ಸರ್ವರ್: ಜೀವ ದತ್ತಾಂಶವನ್ನು ಉಳಿಸಿಕೊಳ್ಳುವ ಬಗೆ

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಸಂಸ್ಥೆಯನ್ನು ಜನರು ಮುಧೋಳ ನಾಯಿ ಕೇಂದ್ರವೆಂದೇ ಕರೆಯುತ್ತಾರೆ. ಅದರ ಪೂರ್ಣ ಹೆಸರು ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ. ಬೀದರದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿ 2009-10ರ ಸುಮಾರಿಗೆ ಆರಂಭಗೊಂಡ ಈ ಕೇಂದ್ರ ಸುದ್ದಿಗೆ ಬರುವುದು ಸೇನೆಗೋ ಭದ್ರತಾ ಪಡೆಗೋ ಮರಿಗಳು ಹೊರಟಾಗ ಮಾತ್ರ. ಹೆಸರಿನ ಕೊನೆಯಲ್ಲಿರುವ ‘ಮಾಹಿತಿ’ ಎಂಬ ಪದದತ್ತ ಹೆಚ್ಚಿನವರ ಗಮನ ಹರಿಯುವುದಿಲ್ಲ. ಆದರೆ ತಳಿಯೊಂದರ ಅಳಿವು ಉಳಿವು ಬಹುಮಟ್ಟಿಗೆ ನಿರ್ಧಾರವಾಗುವುದು ಆ ಪದದ ಮೇಲೆಯೇ.

ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಅಭಿವೃದ್ಧಿಪಡಿಸಿದರು, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ನೀಡಿದರು ಎಂಬ ಕಥನ ಈ ಭಾಗದಲ್ಲಿ ಎಲ್ಲರ ನಾಲಿಗೆಯ ಮೇಲಿದೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ಶ್ವಾನ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. 2016ರಲ್ಲಿ ತಿಮ್ಮಾಪುರದ ಮರಿಗಳು ಮೀರತ್‌ನಲ್ಲಿರುವ ಸೇನೆಯ ಪಶುವೈದ್ಯಕೀಯ ದಳದ ತರಬೇತಿ ಕೇಂದ್ರಕ್ಕೆ ಹೋದವು. 2018ರ ವಿಧಾನಸಭಾ ಚುನಾವಣೆಯ ಸಂದರ್ಭದಲ್ಲಿ ಜಮಖಂಡಿಯ ಪ್ರಚಾರಸಭೆಯಲ್ಲಿ ಪ್ರಧಾನಿಯವರ ಭಾಷಣದಲ್ಲಿಯೂ, 2020ರ ಆಗಸ್ಟ್‌ನ ‘ಮನ್ ಕಿ ಬಾತ್’ನಲ್ಲಿಯೂ ಮುಧೋಳ ನಾಯಿಯ ಪ್ರಸ್ತಾಪವಾಯಿತು. ಕೀರ್ತಿಗೆ ಕೊರತೆಯಿಲ್ಲ.

ತಳಿವಿಜ್ಞಾನಿಗೆ ಬೇಕಾದುದು ಇದಾವುದೂ ಅಲ್ಲ. ಯಾವ ಗಂಡು ಯಾವ ಹೆಣ್ಣಿನೊಂದಿಗೆ ಕೂಡಿತು, ಎಷ್ಟು ಮರಿಗಳು ಹುಟ್ಟಿದವು, ಎಷ್ಟು ಬದುಕಿದವು, ಆರು ತಿಂಗಳಲ್ಲಿ ಭುಜದ ಎತ್ತರವೆಷ್ಟು, ಯಾವ ರೋಗಕ್ಕೆ ತುತ್ತಾದವು, ಮರಿ ಯಾವ ಊರಿನ ಯಾರ ಮನೆಗೆ ಹೋಯಿತು ಎಂಬ ಒಣ ವಿವರಗಳು ಬೇಕು. ಅವು ತಲೆಮಾರಿನಿಂದ ತಲೆಮಾರಿಗೆ ಕೊಂಡಿ ಕಳಚದಂತೆ ಬೇಕು. ಒಂದು ತಲೆಮಾರಿನ ಕೊಂಡಿ ತಪ್ಪಿದರೂ ಒಡಹುಟ್ಟಿದವುಗಳೇ ತಿಳಿಯದೆ ಕೂಡುವ ಅಪಾಯವಿರುತ್ತದೆ. ಸಣ್ಣ ಸಂಖ್ಯೆಯ ತಳಿಗಳಲ್ಲಿ ಒಳಸಂತಾನದಿಂದ ಬರುವ ದೌರ್ಬಲ್ಯ ಹೀಗೆಯೇ ಆರಂಭವಾಗುತ್ತದೆ. ಮುಧೋಳ ನಾಯಿಯ ಬಹುಭಾಗ ಇರುವುದು ಸುತ್ತಲಿನ ಹಳ್ಳಿಗಳ ಸಾಕಣೆದಾರರ ಮನೆಗಳಲ್ಲಿ. ಅಲ್ಲಿ ವಂಶಾವಳಿ ಬಹುಪಾಲು ನೆನಪಿನಲ್ಲಿರುತ್ತದೆ. ಹಿರಿಯರು ತೀರಿಕೊಂಡಾಗ ಅದೂ ತೀರುತ್ತದೆ.

ಹೆಸರು ಒಂದಲ್ಲ

ದಾಖಲಾತಿಯ ಮೊದಲ ತೊಡಕು ಹೆಸರಿನದ್ದೇ. ಭಾರತೀಯ ಕೆನಲ್ ಕ್ಲಬ್ ಈ ತಳಿಯನ್ನು ಕಾರವಾನ್ ಹೌಂಡ್ ಎಂದು ದಾಖಲಿಸುತ್ತ ಬಂದಿದೆ. ಇನ್ನೊಂದು ಸಂಸ್ಥೆಯಾದ ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ. ಮಹಾರಾಷ್ಟ್ರದ ಕಡೆ ಕಾರವಾನಿ ಎಂಬ ಹೆಸರಿದೆ. ಕಿವಿ, ಬಾಲಗಳಲ್ಲಿ ನೀಳಗೂದಲಿರುವ ಬಗೆಗೆ ಪಶ್ಮಿ ಎನ್ನುವವರಿದ್ದಾರೆ. ಮನುಷ್ಯರಿಗೆ ಇದು ಗೊಂದಲವಲ್ಲ, ಕಂಪ್ಯೂಟರಿಗೆ ಗೊಂದಲ. ಒಂದು ಪ್ರಯೋಗಾಲಯ ಮುಧೋಳ ಎಂದು, ಇನ್ನೊಂದು ಕಾರವಾನ್ ಎಂದು ಡಿಎನ್ಎ ವಿವರವನ್ನು ದತ್ತಸಂಚಯಕ್ಕೆ ಸಲ್ಲಿಸಿದರೆ, ಎರಡೂ ಬೇರೆ ತಳಿಗಳೆಂದೇ ಲೆಕ್ಕವಾಗುವ ಸಾಧ್ಯತೆಯಿದೆ.

ಈ ತೊಡಕನ್ನು ಬಿಡಿಸುವ ಕೆಲಸವನ್ನು ದೇಶದಲ್ಲಿ ನಿರ್ವಹಿಸುತ್ತಿರುವುದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಅನುವಂಶೀಯ ಸಂಪನ್ಮೂಲ ಬ್ಯೂರೋ. 1984ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ತಳಿಗಳಿಗೆ ನೋಂದಣಿ ಸಂಖ್ಯೆ ನೀಡುತ್ತದೆ. ಬಹುಕಾಲ ದನ, ಎಮ್ಮೆ, ಕುರಿ, ಮೇಕೆ, ಕೋಳಿ ಮುಂತಾದವುಗಳಿಗೆ ಸೀಮಿತವಾಗಿದ್ದ ಪಟ್ಟಿಗೆ ಮೊದಲ ಬಾರಿಗೆ ಸೇರಿದ ನಾಯಿ ತಳಿಗಳು ಮೂರು: ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ ಮತ್ತು ಕರ್ನಾಟಕದ ಮುಧೋಳ. ಮುಧೋಳದ ನೋಂದಣಿ ಸಂಖ್ಯೆ ‘ಇಂಡಿಯಾ_ಡಾಗ್_0800_ಮುಧೋಳಹೌಂಡ್_19003’. ಇದರಲ್ಲಿ 0800 ಎಂಬುದು ಕರ್ನಾಟಕದ ಸಂಕೇತ. ಕೊನೆಯ ಅಂಕಿಗಳಲ್ಲಿ 19 ನಾಯಿಯ ಕುಲವನ್ನೂ, 003 ಕ್ರಮಾಂಕವನ್ನೂ ಸೂಚಿಸುತ್ತವೆ. ನೋಡಲು ಗೋದಾಮಿನ ಚೀಟಿಯಂತಿದ್ದರೂ ಇದರ ಬೆಲೆ ದೊಡ್ಡದು. ಜಗತ್ತಿನ ಯಾವ ಪ್ರಯೋಗಾಲಯವೇ ಆಗಲಿ, ತಾನು ಹೇಳುತ್ತಿರುವುದು ಯಾವ ಪ್ರಾಣಿಯ ಬಗ್ಗೆ ಎಂಬುದನ್ನು ಈ ಒಂದು ಸಾಲಿನಿಂದ ಸ್ಥಿರಪಡಿಸಬಹುದು. ಸಾಕಣೆದಾರನ ಹಕ್ಕು, ಸಂರಕ್ಷಣೆಯ ಅನುದಾನ, ತಳಿಯ ಹೆಸರಿನಲ್ಲಿ ನಡೆಯುವ ಮೋಸದ ತಡೆ ಎಲ್ಲಕ್ಕೂ ಇದೇ ಬುನಾದಿ.

ಹೆಸರಿನಂತೆಯೇ ವಿಳಾಸದ ತೊಡಕೂ ಇದೆ. ಮುಧೋಳ ಮತ್ತು ಜಮಖಂಡಿ 1948ರ ಮಾರ್ಚ್‌ವರೆಗೆ ಪ್ರತ್ಯೇಕ ಸಂಸ್ಥಾನಗಳು. ನಂತರ ಮುಂಬಯಿ ಪ್ರಾಂತ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ವಿಜಾಪುರ ಜಿಲ್ಲೆಯಲ್ಲಿದ್ದ ಈ ತಾಲ್ಲೂಕುಗಳು 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಬಂದವು. ಆ ಬಳಿಕ ರಬಕವಿ-ಬನಹಟ್ಟಿ ಹೊಸ ತಾಲ್ಲೂಕಾಯಿತು. ಹೊಲ ಅದೇ, ಬಾವಿ ಅದೇ; ದಾಖಲೆಯಲ್ಲಿ ಮಾತ್ರ ಊರಿಗೆ ಐದಾರು ವಿಳಾಸಗಳು. ಅರವತ್ತು ವರ್ಷಗಳ ಹಿಂದೆ ‘ಬಿಜಾಪುರ ಜಿಲ್ಲೆ’ ಎಂದು ಚೀಟಿ ಅಂಟಿಸಿದ ಸಸ್ಯ ಮಾದರಿ ಇಂದಿನ ಯಾವ ತಾಲ್ಲೂಕಿನದು ಎಂಬುದನ್ನು ಯಾರಾದರೊಬ್ಬರು ಕುಳಿತು ಬಿಡಿಸಬೇಕು. ಜೀವ ದತ್ತಾಂಶ ಕೇಂದ್ರಗಳಲ್ಲಿ ವೆಚ್ಚದ ದೊಡ್ಡ ಪಾಲು ಯಂತ್ರಗಳಿಗಿಂತ ಹೆಚ್ಚಾಗಿ ಇಂತಹ ಮನುಷ್ಯರಿಗೆ ಹೋಗುತ್ತದೆ ಎಂಬುದು ಹೊರಗಿನವರಿಗೆ ಸುಲಭವಾಗಿ ಅರ್ಥವಾಗದ ಸಂಗತಿ.

ಕೃಷ್ಣಾತೀರದ ದನ, ಕೊಯಮತ್ತೂರಿನ ಕಬ್ಬು

ಮುಧೋಳ ನಾಯಿಗಿಂತ ಕಷ್ಟದ ಸ್ಥಿತಿಯಲ್ಲಿರುವುದು ಕೃಷ್ಣಾತೀರದ ದನ. 1880ರ ಸುಮಾರಿಗೆ ದಕ್ಷಿಣ ಮರಾಠಾ ಸೀಮೆಯ ಅರಸರು ಗಿರ್, ಓಂಗೋಲ್, ಮೈಸೂರು ಸೀಮೆಯ ದನಗಳನ್ನು ಸ್ಥಳೀಯ ದನಗಳೊಂದಿಗೆ ಕೂಡಿಸಿ, ಕಪ್ಪು ಎರೆಮಣ್ಣಿನಲ್ಲಿ ಭಾರದ ನೇಗಿಲು ಎಳೆಯಬಲ್ಲ ಎತ್ತುಗಳಿಗಾಗಿ ಬೆಳೆಸಿದ ತಳಿಯಿದು. ಟ್ರ್ಯಾಕ್ಟರ್ ಬಂದಿತು, ಕಬ್ಬು ಬಂದಿತು, ಮಿಶ್ರತಳಿಯ ಹಸುಗಳು ಬಂದವು. ಎತ್ತಿನ ಅಗತ್ಯ ಕುಗ್ಗಿದಂತೆ ತಳಿಯೂ ಕುಗ್ಗಿತು. ಎಷ್ಟು ಉಳಿದಿದೆ ಎಂದು ತಿಳಿಯಲು ತಳಿವಾರು ಎಣಿಕೆ ಬೇಕು. 2019ರ 20ನೇ ಜಾನುವಾರು ಗಣತಿಯಲ್ಲಿ ಎಣಿಕೆದಾರರು ಕಾಗದದ ಬದಲು ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಹೋದರು. 2024ರ ಅಕ್ಟೋಬರ್ 25ರಂದು ಚಾಲನೆ ಪಡೆದ 21ನೇ ಗಣತಿಯಲ್ಲಿ 219 ದೇಶೀ ತಳಿಗಳನ್ನು ಗುರುತಿಸುವ ವ್ಯವಸ್ಥೆಯಿತ್ತು. ಜೊತೆಗೆ ದನಗಳ ಕಿವಿಗೆ ಹಾಕುವ 12 ಅಂಕಿಗಳ ಓಲೆಯ ಮೂಲಕ ಲಸಿಕೆ, ಕೃತಕ ಗರ್ಭಧಾರಣೆಗಳ ವಿವರ ರಾಷ್ಟ್ರೀಯ ದತ್ತಸಂಚಯಕ್ಕೆ ಸೇರುತ್ತದೆ. ಆದರೆ ಎಣಿಕೆದಾರನಿಗೆ ತಳಿ ಗುರುತಿಸಲು ಬರದಿದ್ದರೆ ‘ಇತರೆ’ ಎಂಬ ಕಲಮು ತುಂಬುತ್ತದೆ; ಅಲ್ಲಿಗೆ ಅದೊಂದು ಪ್ರಾಣಿ ವಿಜ್ಞಾನದ ಮಟ್ಟಿಗೆ ಇಲ್ಲವಾದಂತೆಯೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಾಗತಿಕ ದತ್ತಸಂಚಯದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಳೀಯ ತಳಿಗಳ ಎದುರು ಅಳಿವಿನ ಸ್ಥಿತಿ ‘ತಿಳಿದಿಲ್ಲ’ ಎಂದೇ ದಾಖಲಾಗಿರುವುದಕ್ಕೆ ಇಂತಹ ಕಾರಣಗಳೇ ಇವೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಇದೇ ಸೀಮೆಯ ಕಬ್ಬಿನ ಗದ್ದೆಯಲ್ಲಿದೆ. ಜಮಖಂಡಿ, ಮುಧೋಳ ಭಾಗದ ರೈತರ ಬಾಯಲ್ಲಿ ಸದಾ ಸುಳಿದಾಡುವ ‘86032’ ಎಂಬ ಸಂಖ್ಯೆ ಸ್ವತಃ ಒಂದು ದಾಖಲೆ. ಮುಂದಿನ ‘ಕೋ’ ಎಂಬುದು ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯನ್ನು ಸೂಚಿಸಿದರೆ, 86 ವರ್ಷವನ್ನು, ಉಳಿದುದು ಆ ವರ್ಷದ ಕ್ರಮಾಂಕವನ್ನು ಸೂಚಿಸುತ್ತದೆ. ತಳಿಗೆ ನಯನಾ ಎಂಬ ಹೆಸರೂ ಇದೆ, ಆದರೆ ಬಳಕೆಯಲ್ಲಿ ಗೆದ್ದದ್ದು ಸಂಖ್ಯೆ. ಇದರ ತಾಯಿ ಕೋ 62198, ತಂದೆ ಕೋಸಿ 671 ಎಂದು ಇಂದಿಗೂ ಯಾರು ಬೇಕಾದರೂ ನೋಡಿ ಹೇಳಬಹುದು. 1912ರಲ್ಲಿ ಆರಂಭವಾದ ಆ ಸಂಸ್ಥೆ ತನ್ನ ಮಿಲನ ದಾಖಲೆಗಳನ್ನು ಕಾಯ್ದುಕೊಂಡು ಬಂದುದರ ಫಲವಿದು. ಮೂಲ ಸಸ್ಯಗಳು ಕೇರಳದ ಕಣ್ಣೂರಿನಲ್ಲಿರುವ ಸಂಗ್ರಹದಲ್ಲಿವೆ. ಜಗತ್ತಿನಲ್ಲಿ ಕಬ್ಬಿನ ಇಂತಹ ಅಂತರರಾಷ್ಟ್ರೀಯ ಸಂಗ್ರಹಗಳಿರುವುದು ಎರಡೇ; ಇನ್ನೊಂದು ಅಮೆರಿಕದ ಮಿಯಾಮಿಯಲ್ಲಿದೆ.

ಈ ಪೂರ್ವಾಪರ ಏಕೆ ಬೇಕು? ಉತ್ತರ ಪ್ರದೇಶದಲ್ಲಿ ವ್ಯಾಪಕವಾಗಿ ಹಬ್ಬಿದ್ದ ಕೋ 0238 ತಳಿಯನ್ನು ಕೆಂಪು ಕೊಳೆ ರೋಗ ಹಣ್ಣುಮಾಡಿತು. ಒಂದೇ ತಳಿಯನ್ನು ನೆಚ್ಚಿದ ಕಬ್ಬಿನ ಸೀಮೆಗಳಿಗೆಲ್ಲ ಆ ಅಪಾಯ ಅನ್ವಯಿಸುತ್ತದೆ. ರೋಗನಿರೋಧಕ ಗುಣ ಯಾವ ಅಜ್ಜಿಯಿಂದ ಬಂದಿತ್ತು, ಎಲ್ಲಿ ಕಳೆದುಹೋಯಿತು ಎಂದು ಹಿಂದಕ್ಕೆ ಹೋಗಿ ಹುಡುಕಲು ವಂಶಾವಳಿಯೇ ದಾರಿ. ಮನುಷ್ಯನ ಜೀನೋಮ್‌ಗಿಂತ ಸುಮಾರು ಮೂರು ಪಟ್ಟು ದೊಡ್ಡದಾದ ಕಬ್ಬಿನ ಜೀನೋಮ್‌ನ ಸವಿವರ ನಕ್ಷೆ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಆರ್570 ಎಂಬ ತಳಿಯದು. ಸಮೀರವಾಡಿಯ ಕೆ.ಜೆ. ಸೋಮಯ್ಯ ಅನ್ವಯಿಕ ಕೃಷಿ ಸಂಶೋಧನಾ ಸಂಸ್ಥೆಯಂತಹ ಸ್ಥಳೀಯ ಕೇಂದ್ರಗಳಿಗೂ ಆ ನಕ್ಷೆ ಮುಕ್ತವಾಗಿ ಸಿಗುತ್ತದೆ.

ಚರ್ಮಗಂಟು ರೋಗ ಕಲಿಸಿದ್ದು

ದತ್ತಸಂಚಯದ ಉಪಯೋಗ ರೈತನ ಕೊಟ್ಟಿಗೆಗೆ ಹೇಗೆ ತಲುಪುತ್ತದೆ ಎಂಬುದಕ್ಕೆ 2022ರ ಚರ್ಮಗಂಟು ರೋಗ ಸ್ಪಷ್ಟ ನಿದರ್ಶನ. ಉತ್ತರ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ದನಗಳು ಸತ್ತವು, ಜಾನುವಾರು ಸಂತೆಗಳು ನಿಂತವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ತಾತು ಅವರ ನೇತೃತ್ವದ ತಂಡ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ರೋಗಗ್ರಸ್ತ ದನಗಳಿಂದ ಪಡೆದ 22 ಮಾದರಿಗಳ ವೈರಸ್ ಜೀನೋಮ್ ಓದಿತು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 1,800ಕ್ಕೂ ಹೆಚ್ಚು ವ್ಯತ್ಯಾಸಗಳು ಕಂಡವು, ದೇಶದಲ್ಲಿ ಎರಡು ಬಗೆಯ ವೈರಸ್‌ಗಳು ಏಕಕಾಲಕ್ಕೆ ಓಡಾಡುತ್ತಿದ್ದವು. ಒಂದು ಬಗೆ 2019ರಲ್ಲಿ ರಾಂಚಿ, 2020ರಲ್ಲಿ ಹೈದರಾಬಾದ್‌ನಲ್ಲಿ ಓದಿದ ವೈರಸ್‌ಗಳನ್ನು ಹೋಲುತ್ತಿತ್ತು. ಇನ್ನೊಂದು 2015ರಲ್ಲಿ ರಷ್ಯಾದಲ್ಲಿ ಹರಡಿದ್ದನ್ನು ಹೋಲುತ್ತಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರಷ್ಯಾದ ವಿಜ್ಞಾನಿಗಳು ತಮ್ಮ ದನಗಳ ರೋಗದ ವಿವರವನ್ನು ಸಾರ್ವಜನಿಕ ಭಂಡಾರದಲ್ಲಿ ಇಟ್ಟಾಗ ವರ್ಷಗಳ ನಂತರ ಕೃಷ್ಣಾ, ಘಟಪ್ರಭಾ ತೀರದ ದನಗಳಿಗೆ ಅದು ಪ್ರಸ್ತುತವಾಗುತ್ತದೆಂದು ಯಾರೂ ಊಹಿಸಿರಲಿಲ್ಲ. ಹೋಲಿಸಲು ಹಳೆಯದು ಇದ್ದುದರಿಂದಲೇ ಹೊಸದು ಏನೆಂದು ತಿಳಿಯಿತು. ಲಸಿಕೆಯ ಆಯ್ಕೆ ಇಂತಹ ತಿಳಿವಳಿಕೆಯನ್ನೇ ಅವಲಂಬಿಸಿದೆ. ಕೋವಿಡ್‌ನಲ್ಲಿಯೂ ಹಾಗೆಯೇ ಆಯಿತು. 2020ರ ಜನವರಿ ಎರಡನೇ ವಾರದಲ್ಲಿ ವೈರಸ್‌ನ ಮೊದಲ ಜೀನೋಮ್ ಬಹಿರಂಗವಾದ ಕೆಲವೇ ದಿನಗಳಲ್ಲಿ ಪರೀಕ್ಷಾ ವಿಧಾನಗಳು ಸಿದ್ಧವಾದವು.

ನಾಯಿಯ ವಿಷಯದಲ್ಲಿ ಮುಧೋಳದ ಅಂಚೆಚೀಟಿ ಬಂದ ವರ್ಷವೇ, ಅಂದರೆ 2005ರ ಡಿಸೆಂಬರ್‌ನಲ್ಲಿ, ತಾಶಾ ಎಂಬ ಬಾಕ್ಸರ್ ಹೆಣ್ಣು ನಾಯಿಯ ಜೀನೋಮ್ ಪ್ರಕಟವಾಯಿತು. ಸುಮಾರು 240 ಕೋಟಿ ಅಕ್ಷರಗಳ ಆ ನಕ್ಷೆ ಬಹುಕಾಲ ಜಗತ್ತಿನ ನಾಯಿ ಸಂಶೋಧನೆಗೆಲ್ಲ ಅಳತೆಗೋಲಾಯಿತು. ಸಿಡ್ನಿ ವಿಶ್ವವಿದ್ಯಾಲಯ ನಡೆಸುವ ದತ್ತಸಂಚಯವೊಂದು ಪ್ರಾಣಿಗಳ ಆನುವಂಶಿಕ ರೋಗಗಳನ್ನು ಪಟ್ಟಿಮಾಡಿ ಉಚಿತವಾಗಿ ನೀಡುತ್ತದೆ. ಮುಧೋಳದ ಮರಿಯೊಂದರಲ್ಲಿ ವಿಚಿತ್ರ ರೋಗ ಕಂಡರೆ ಪಶುವೈದ್ಯರು ಮೊದಲು ತಟ್ಟಬೇಕಾದ ಬಾಗಿಲು ಅದು.

ಹಣ ನಿಂತಾಗ

ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ ಎಂಬುದು ಈ ಸೀಮೆಯವರಿಗೆ ಗೊತ್ತು. ದತ್ತಾಂಶದ ಕಣಜ ಹಾಗಲ್ಲ, ಮುಚ್ಚಿಟ್ಟರೆ ಕೆಡುತ್ತದೆ. ಕಡತದ ಮಾದರಿ ಹಳೆಯದಾಗುತ್ತದೆ, ತಂತ್ರಾಂಶ ತೆರೆಯುವುದಿಲ್ಲ, ವಂಶವಾಹಿಯ ಹೆಸರು ಬದಲಾಗಿರುತ್ತದೆ, ತಪ್ಪುಗಳು ತಿದ್ದುಪಡಿಯಾಗದೆ ಉಳಿಯುತ್ತವೆ. ಪ್ರತಿದಿನ ಕೈಯಾಡಿಸುವವರು ಬೇಕು, ಅವರಿಗೆ ಸಂಬಳ ಬೇಕು. ಆದರೆ ವಿಜ್ಞಾನಕ್ಕೆ ಹಣ ನೀಡುವ ಸಂಸ್ಥೆಗಳು ಮೂರು ವರ್ಷ, ಐದು ವರ್ಷದ ಯೋಜನೆಗಳ ಲೆಕ್ಕದಲ್ಲಿ ಹಣ ನೀಡುತ್ತವೆ. ಹೊಸ ಶೋಧಕ್ಕೆ ಸಿಗುವ ಉತ್ಸಾಹ ಹಳೆಯದರ ನಿರ್ವಹಣೆಗೆ ಸಿಗುವುದಿಲ್ಲ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ, ಹೂಳು ತೆಗೆದವರದ್ದು ಇರುವುದಿಲ್ಲ.

ಇದರ ಪರಿಣಾಮವನ್ನು ಶ್ರೀಮಂತ ದೇಶಗಳೂ ಅನುಭವಿಸಿವೆ. ಪ್ರೋಟೀನ್‌ಗಳ ವಿಶ್ವಾಸಾರ್ಹ ದತ್ತಸಂಚಯವಾದ ಸ್ವಿಟ್ಜರ್ಲೆಂಡಿನ ಸ್ವಿಸ್-ಪ್ರಾಟ್ 1996ರಲ್ಲಿ ಹಣವಿಲ್ಲದೆ ಮುಚ್ಚುವ ಹಂತ ತಲುಪಿತ್ತು. ಜಗತ್ತಿನ ವಿಜ್ಞಾನಿಗಳು ದನಿಯೆತ್ತಿದ ಮೇಲೆ ಉಳಿದುಕೊಂಡಿತು. 1998ರಲ್ಲಿ ಅದಕ್ಕಾಗಿಯೇ ಎಂಬಂತೆ ಸ್ವಿಸ್ ಜೈವಿಕ ಮಾಹಿತಿ ಸಂಸ್ಥೆ ಸ್ಥಾಪನೆಯಾಯಿತು. ಸಸ್ಯ ವಿಜ್ಞಾನಿಗಳ ಆಧಾರವಾಗಿದ್ದ ‘ಟೇರ್’ ಎಂಬ ದತ್ತಸಂಚಯ ಅಮೆರಿಕ ಸರ್ಕಾರದ ನೆರವು ಮುಗಿದಾಗ, ಫೀನಿಕ್ಸ್ ಎಂಬ ಲಾಭರಹಿತ ಸಂಸ್ಥೆಯ ಮೂಲಕ ಚಂದಾ ಪದ್ಧತಿಗೆ ಹೊರಳಿತು. ಚಂದಾ ಕಟ್ಟಿದವರಿಗೆ ಹೊಸ ವಿವರ ಮೊದಲು, ಉಳಿದವರಿಗೆ ಒಂದು ವರ್ಷ ತಡವಾಗಿ. ಬದುಕುಳಿಯಲು ಇದೊಂದು ದಾರಿ ಹೌದು, ಆದರೆ ಜಿಲ್ಲಾ ಕೇಂದ್ರದ ಕಾಲೇಜಿನ ಪ್ರಯೋಗಾಲಯಕ್ಕೆ ಆ ಒಂದು ವರ್ಷ ಸಣ್ಣದಲ್ಲ.

ತೀರ ಇತ್ತೀಚಿನ ಪೆಟ್ಟು ಬಿದ್ದದ್ದು ಹಣ್ಣಿನ ನೊಣದ ದತ್ತಸಂಚಯವಾದ ಫ್ಲೈಬೇಸ್‌ಗೆ. 2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹಾರ್ವರ್ಡ್ ವಿಶ್ವವಿದ್ಯಾಲಯದ ಅನುದಾನಗಳನ್ನು ರದ್ದುಪಡಿಸಿದಾಗ ಇದರ ಹಣವೂ ನಿಂತಿತು. ಸಿಬ್ಬಂದಿ ಕೆಲಸ ಕಳೆದುಕೊಂಡರು, ಬಳಕೆದಾರ ಪ್ರಯೋಗಾಲಯಗಳಿಂದ ದೇಣಿಗೆ ಕೇಳಬೇಕಾಯಿತು. ಇದು ಅಮೆರಿಕದ ಮನೆವಾರ್ತೆ ಎಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಸ್ಥಾಪಕರಾದ ಒಬೈದ್ ಸಿದ್ದಿಕಿ ಅವರು ಹೆಸರು ಮಾಡಿದ್ದು ಇದೇ ನೊಣದ ಅಧ್ಯಯನದಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಈ ನೊಣಗಳ ಸಂಗ್ರಹ ಕೇಂದ್ರವಿದೆ. ಕರ್ನಾಟಕದ ವಿದ್ಯಾರ್ಥಿಗಳು ದಿನವೂ ತೆರೆಯುವ ಕಡತಕ್ಕೆ ಬೋಸ್ಟನ್‌ನಲ್ಲಿ ಬೀಗ ಬೀಳಬಹುದು ಎಂಬುದೇ ಇದರ ತಾತ್ಪರ್ಯ.

ಈ ಅಪಾಯವನ್ನು ಹಂಚಿಕೊಳ್ಳಲು ಅನುದಾನ ನೀಡುವ ಸಂಸ್ಥೆಗಳು ಕೂಡಿ ಜಾಗತಿಕ ಜೀವ ದತ್ತಾಂಶ ಒಕ್ಕೂಟವನ್ನು ರಚಿಸಿಕೊಂಡಿವೆ. 2022ರ ಡಿಸೆಂಬರ್‌ನಲ್ಲಿ ಅದು ಇಲ್ಲವಾದರೆ ಜೀವವಿಜ್ಞಾನವೇ ಮುಗ್ಗರಿಸುವಂತಹ 37 ದತ್ತಸಂಚಯಗಳ ಮೊದಲ ಪಟ್ಟಿ ಪ್ರಕಟಿಸಿತು. 1971ರಲ್ಲಿ ಬೆರಳೆಣಿಕೆಯ ರಚನೆಗಳೊಂದಿಗೆ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಇಂತಹವುಗಳ ಪೈಕಿ ಹಿರಿಯದು. 2024ರ ರಸಾಯನವಿಜ್ಞಾನ ನೊಬೆಲ್‌ಗೆ ಕಾರಣವಾದ ಆಲ್ಫಾಫೋಲ್ಡ್ ಕಲಿತದ್ದು ಅಲ್ಲಿನ ಅರ್ಧ ಶತಮಾನದ ಸಂಗ್ರಹದಿಂದಲೇ.

ಭಾರತ ತನ್ನದೇ ಭಂಡಾರ ಕಟ್ಟಿಕೊಂಡದ್ದು ತಡವಾಗಿ. ಹರಿಯಾಣದ ಫರಿದಾಬಾದ್‌ನ ಪ್ರಾದೇಶಿಕ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ 2022ರ ನವೆಂಬರ್ 10ರಂದು ಉದ್ಘಾಟನೆಯಾಯಿತು. ಆರಂಭದ ಸಾಮರ್ಥ್ಯ 4 ಪೆಟಾಬೈಟ್, ಅಂದರೆ ಸುಮಾರು 40 ಲಕ್ಷ ಗಿಗಾಬೈಟ್. ಗಣಕಯಂತ್ರಕ್ಕೆ ‘ಬ್ರಹ್ಮ್’ ಎಂದು ಹೆಸರು. ಭುವನೇಶ್ವರದ ರಾಷ್ಟ್ರೀಯ ಮಾಹಿತಿ ಕೇಂದ್ರವೂ ಇದರ ಸಹಭಾಗಿ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10,000 ಭಾರತೀಯರ ವಂಶವಾಹಿ ವಿವರಗಳು 2025ರ ಜನವರಿ 9ರಂದು ಇಲ್ಲಿಂದಲೇ ಸಂಶೋಧಕರಿಗೆ ತೆರೆದುಕೊಂಡವು. ಸಾರ್ವಜನಿಕ ಹಣದಿಂದ ಹುಟ್ಟಿದ ದತ್ತಾಂಶವನ್ನು ಹಂಚಿಕೊಳ್ಳುವ ಬಗೆಗೆ 2021ರಲ್ಲಿಯೇ ಮಾರ್ಗಸೂಚಿ ಹೊರಟಿತ್ತು.

ಪಂಚಾಯಿತಿಯ ಕಪಾಟಿನಲ್ಲಿ

ಇಷ್ಟು ದೊಡ್ಡ ಯಂತ್ರಕ್ಕೂ ಬಿದಿರು ಬುಟ್ಟಿಯಷ್ಟು ಸಣ್ಣ ಮೂಲವೊಂದಿದೆ. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿಪಕ್ಷಿ, ಬೀಜ, ತಳಿ, ನಾಟಿ ಔಷಧಿಯ ತಿಳಿವಳಿಕೆಗಳೆಲ್ಲ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡದ ಎಚ್ಚರಿಕೆ ನೀಡಿದ ಮೇಲೆ ದೇಶದಾದ್ಯಂತ ಲಕ್ಷಗಟ್ಟಲೆ ದಾಖಲಾತಿಗಳು ಅವಸರದಲ್ಲಿ ಸಿದ್ಧವಾದವು. ಗಡುವಿಗಾಗಿ ಬರೆದುದು ಮತ್ತು ಊರಿನ ಹಿರಿಯರ ಎದುರು ಕುಳಿತು ಬರೆದುದು ಒಂದೇ ಆಗಲಾರದು. ಅದಕ್ಕಿಂತ ಮುಖ್ಯವಾಗಿ, ದಾಖಲಾತಿಯನ್ನು ವರ್ಷವರ್ಷಕ್ಕೂ ತಿದ್ದುವ ಹೊಣೆ ಯಾರದು, ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಗಡುವು ಉತ್ತರವಾಗಲಿಲ್ಲ.

ಈ ಪ್ರಶ್ನೆ ಬೀಳಗಿ ಸೀಮೆಗೆ ಹೆಚ್ಚು ತುರ್ತಿನದು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಧಾಮ 2010ರ ದಶಕದಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 96 ಚದರ ಕಿಲೊಮೀಟರಿಗೂ ಸ್ವಲ್ಪ ಹೆಚ್ಚು. ರಾಜ್ಯದಲ್ಲಿ ಚಿಂಕಾರಕ್ಕಾಗಿಯೇ ಮೀಸಲಾದ ಇನ್ನೊಂದು ಧಾಮ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿದ್ದು, 2019ರಲ್ಲಿ ಘೋಷಣೆಯಾದ ಅದರ ಹಿಂದೆ ಕ್ಯಾಮೆರಾ ಟ್ರ್ಯಾಪ್‌ಗಳು ಸೆರೆಹಿಡಿದ ಚಿತ್ರಗಳ ಬಲವಿತ್ತು. ಕುರುಚಲು ಕಾಡನ್ನು ಬಂಜರು ಎಂದು ಬರೆದುಕೊಳ್ಳುವ ಕಂದಾಯದ ರೂಢಿಗೆ ಎದುರಾಗಿ ನಿಲ್ಲಬಲ್ಲದ್ದು ಇಂತಹ ದಾಖಲೆಯೇ.

ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಪ್ರಸ್ತಾವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಭಾಗ. ಏರಿದರೆ ನದಿದಂಡೆಯ ಇನ್ನಷ್ಟು ಭೂಮಿ ಮುಳುಗಲಿದೆ. ಭೂಮಿ, ಮನೆ, ಮರಗಳಿಗೆ ಪರಿಹಾರದ ಲೆಕ್ಕವನ್ನು ಸರ್ಕಾರ ಬರೆದುಕೊಳ್ಳುತ್ತದೆ. ದಂಡೆಯ ಹುಲ್ಲು, ಮೀನು, ಹಕ್ಕಿ, ಹಿತ್ತಲಿನ ಬೀಜಗಳ ಲೆಕ್ಕವಿರಬೇಕಾದದ್ದು ಅದೇ ಗ್ರಾಮಗಳ ಪಂಚಾಯಿತಿ ದಾಖಲಾತಿಯಲ್ಲಿ. ನೀರು ಬಂದ ಮೇಲೆ ಆ ಪುಟಗಳನ್ನು ಹೊಸದಾಗಿ ಬರೆಯಲು ಸ್ಥಳವೇ ಇರುವುದಿಲ್ಲ. ಇರುವ ಪ್ರತಿಯನ್ನು ಪಂಚಾಯಿತಿ ಕಪಾಟಿನಿಂದ ಹೊರತೆಗೆದು, ಓದುವಂತಹ ಕಡತವಾಗಿ ಬೆಂಗಳೂರಿನ ಜೀವವೈವಿಧ್ಯ ಮಂಡಳಿಯಲ್ಲಿ ಇನ್ನೊಂದು ಪ್ರತಿ ಇರಿಸಲು ಬೇಕಾಗುವುದು ಒಂದು ಸ್ಕ್ಯಾನರ್ ಮತ್ತು ತಾಲ್ಲೂಕಿಗೊಬ್ಬ ತರಬೇತಾದ ಸಿಬ್ಬಂದಿ.